ಅಲ್ಲಿ ಕೂತಿದ್ದವರಿಗೆ ಹೇಳಿದ ಮಾತು

ಬೀರುವಿನ ಕೆಳಖಾನೆಯಿಂದ ಆ ಕಟ್ಟನ್ನು ಹೊರಗೆ ತೆಗೆದದ್ದು ಯುಗಾದಿಯ ಮರುದಿನ. 11 ವರ್ಷದ ಸುದ್ದಿಪತ್ರ, ತಿಂಗಳಿಗೊಂದರಂತೆ 130ರ ಹತ್ತಿರ ಸಂಚಿಕೆ, ಗೋಣಿದಾರ ಸುತ್ತಿ ಇಟ್ಟದ್ದು. ನಮ್ಮ ಸಂಘದ ಹೊಸ ಕಾರ್ಯದರ್ಶಿ ಸಾಫ್ಟ್‌ವೇರ್ ಕೆಲಸದ ಹುಡುಗ. "ಆಂಟಿ, ಎಲ್ಲಾ ಸಂಚಿಕೆ ಕೊಡಿ, ಸ್ಕ್ಯಾನ್ ಮಾಡಿ ಆನ್‌ಲೈನಿಗೆ ಹಾಕ್ತೀನಿ. ಯಾರು ಏನು ಹುಡುಕಿದ್ರೂ ಸಿಗೋ ಹಾಗೆ ಮಾಡ್ತೀನಿ" ಎಂದಿದ್ದ. ನನಗೂ ಖುಷಿಯಾಗಿತ್ತು. ಇಷ್ಟು ವರ್ಷ ಅದನ್ನು ಬರೆದವಳು ನಾನೇ. ಕೊಡುವ ಮುಂಚೆ ಒಮ್ಮೆ ಓದಿಬಿಡೋಣ ಎಂದು ಕೂತೆ. ಮೂರು ದಿನ ಓದಿದೆ. ಆಮೇಲೆ ಕಟ್ಟನ್ನು ಮತ್ತೆ ಬಿಗಿದು ಒಳಗಿಟ್ಟು, ಇನ್ನೊಂದು ತಿಂಗಳು ಸಮಯ ಕೊಡಪ್ಪ ಎಂದು ಅವನಿಗೆ ಹೇಳಿದೆ.

ಪತ್ರಿಕೆಯೆಂದರೆ ದೊಡ್ಡದೇನಲ್ಲ, ಎ4 ಅಳತೆಯ ನಾಲ್ಕು ಪುಟ. ಮೈಸೂರಿನ ನಮ್ಮ ಬಡಾವಣೆಯಲ್ಲಿ 240 ಮನೆಗಳಿವೆ. ತಿಂಗಳ ಮೊದಲ ಭಾನುವಾರ ಗಣಪತಿ ದೇವಸ್ಥಾನದ ಹಜಾರದಲ್ಲಿ ಸಭೆ. ಮೂವತ್ತು ನಲವತ್ತು ಜನ ಸೇರುತ್ತಾರೆ. ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಒಳಚರಂಡಿ ಉಕ್ಕಿದ್ದು, ಬೀದಿದೀಪ, ಬೀದಿನಾಯಿ, ಪಾರ್ಕಿನ ಬೀಗದ ಕೈ ಯಾರ ಹತ್ತಿರ ಇರಬೇಕು, ಇವೇ ವಿಷಯ. ಸಭೆಗೆ ಬಾರದ ಇನ್ನೂರು ಮನೆಗಳಿಗೆ ಅಲ್ಲಿ ಏನು ಮಾತಾಯಿತು, ಏನು ತೀರ್ಮಾನವಾಯಿತು ಎಂದು ತಿಳಿಸುವುದು ಪತ್ರಿಕೆಯ ಕೆಲಸ. ಮೊದಮೊದಲು ಜೆರಾಕ್ಸ್ ಮಾಡಿಸಿ ಹಾಲು ಹಾಕುವ ಹುಡುಗನ ಕೈಲಿ ಮನೆಮನೆಗೆ ಹಾಕಿಸುತ್ತಿದ್ದೆವು. ಆಮೇಲಾಮೇಲೆ ಪಿಡಿಎಫ್ ಮಾಡಿ ವಾಟ್ಸಾಪಿಗೂ ಬಿಡತೊಡಗಿದೆವು.

ಓದುತ್ತಾ ಹೋದವಳು ಒಂದು ಸಾಲಿನ ಮೇಲೆ ನಿಂತುಬಿಟ್ಟೆ. ಅದು ಹೆಚ್ಚುಕಡಿಮೆ ಹೀಗಿತ್ತು: "ಮನೆಯವರ ಚಿಕಿತ್ಸೆಯ ಖರ್ಚಿನಿಂದಾಗಿ ಮೂರು ತಿಂಗಳ ನಿರ್ವಹಣಾ ಶುಲ್ಕ ಕಟ್ಟಲು ಆಗಿಲ್ಲವೆಂದು ಪಾರ್ಕಿನ ಎದುರಿನ ನಿವಾಸಿಯೊಬ್ಬರು ಸಭೆಗೆ ತಿಳಿಸಿದರು. ಅವರಿಗೆ ಕಾಲಾವಕಾಶ ಕೊಡಲು ಸಭೆ ಒಪ್ಪಿತು."

ಬರೆದ ದಿನ ಈ ಸಾಲಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಹೆಸರಿಲ್ಲ, ಕಾಯಿಲೆ ಯಾವುದೆಂದಿಲ್ಲ. ಕಷ್ಟ ಹೇಳಿಕೊಂಡವರನ್ನು ನಮ್ಮವರು ಕೈಬಿಡಲಿಲ್ಲ ಎಂಬುದು ನಾಲ್ಕು ಜನಕ್ಕೆ ತಿಳಿಯಲಿ ಎಂದೇ ಬರೆದಿದ್ದೆ. ಪತ್ರಿಕೆ ಹೋದ ಐದನೇ ದಿನ ಆಕೆ ನಮ್ಮ ಮನೆಗೆ ಬಂದರು. ಊರಿನಲ್ಲಿದ್ದ ಅತ್ತೆಗೆ ಮಗನ ಕಾಯಿಲೆಯ ವಿಷಯವನ್ನು ಅವರು ಹೇಳಿರಲಿಲ್ಲವಂತೆ, ವಯಸ್ಸಾದ ಜೀವ ತಡೆಯಲಾರದು ಎಂದು. ಪಿಡಿಎಫ್ ಯಾರಿಂದಲೋ ಯಾರಿಗೋ ಹೋಗಿ ನೆಂಟರ ಹುಡುಗನೊಬ್ಬನ ಕೈ ಸೇರಿತ್ತು. ಅವನು ಊರಿಗೆ ಫೋನ್ ಮಾಡಿ "ಅಣ್ಣಂಗೆ ಏನಾಗಿದೆ" ಎಂದು ಕೇಳಿದ್ದ. ಆ ತಾಯಿ ರಾತ್ರಿ ಬಸ್ಸಿಗೇ ಹೊರಟು, ಬೆಳಗಿನ ಜಾವ ಮನೆಬಾಗಿಲಲ್ಲಿ ನಿಂತಿದ್ದರು.

ಆಕೆ ನನ್ನನ್ನು ಬಯ್ಯಲಿಲ್ಲ. ಕೊಟ್ಟ ಕಾಫಿ ಕುಡಿದರು. ಲೋಟ ಕೆಳಗಿಡುತ್ತಾ, "ನೀವು ಬರ್ದಿರೋದ್ರಲ್ಲಿ ಒಂದಕ್ಷರ ಸುಳ್ಳಿಲ್ಲ ಅಕ್ಕ. ಆದ್ರೆ ನಾನು ಹೇಳಿದ್ದು ಅಲ್ಲಿ ಕೂತಿದ್ದೋರಿಗೆ" ಎಂದರು.

(ಈ ಬರಹವನ್ನು ಆಕೆ ಓದಿದ್ದಾರೆ. ಯಾವುದು ಇರಲಿ, ಯಾವುದು ಬೇಡ ಎಂದು ಗುರುತು ಹಾಕಿಕೊಟ್ಟವರು ಅವರೇ. ಗುರುತು ಹತ್ತುವಂಥ ಎರಡು ಮೂರು ವಿವರಗಳನ್ನು ಬದಲಿಸಿದ್ದೇನೆ.)

ನಾನು 32 ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತವಳು. ಯಾರ ಖಾತೆಯಲ್ಲಿ ಎಷ್ಟಿದೆ, ಯಾರ ಒಡವೆ ಅಡವಿಗೆ ಬಂದಿದೆ ಎಂದು ಮನೆಯವರ ಹತ್ತಿರವೂ ಬಾಯಿ ಬಿಟ್ಟವಳಲ್ಲ. ಒಡವೆ ಸಾಲಕ್ಕೆ ಬಂದಿದ್ದ ಪರಿಚಯದವರು ಮದುವೆಮನೆಯಲ್ಲಿ ಎದುರಾದರೆ, ಅವರ ಕೊರಳ ಕಡೆ ಕಣ್ಣು ಹಾಯಿಸದೆ ಮಾತಾಡಿಸುವುದನ್ನು ಕಲಿತಿದ್ದೆ. ಅಂಥವಳಿಗೆ ಪತ್ರಿಕೆಯ ಪೆನ್ನು ಹಿಡಿದ ಕೂಡಲೇ ಆ ಎಚ್ಚರ ಯಾಕೆ ತಪ್ಪಿತು ಎಂದು ತುಂಬಾ ಯೋಚಿಸಿದ್ದೇನೆ. ಬ್ಯಾಂಕಿಗೆ ಗುಟ್ಟು ಗುಟ್ಟಾಗಿಯೇ ಬರುತ್ತದೆ. ಮೂವತ್ತು ಜನರ ಮುಂದೆ ಗಟ್ಟಿಯಾಗಿ ಆಡಿದ ಮಾತು ಗುಟ್ಟು ಹೇಗಾದೀತು ಎಂದುಕೊಂಡಿದ್ದೆ. ಆದರೆ ಆಕೆ ಅವತ್ತು ಎದ್ದು ನಿಲ್ಲುವ ಮುಂಚೆ ಹಜಾರದಲ್ಲಿ ಯಾರ್ಯಾರಿದ್ದಾರೆ ಎಂದು ಒಮ್ಮೆ ಕಣ್ಣಾಡಿಸಿರುತ್ತಾರೆ. ನಾವೆಲ್ಲ ಮಾಡುವುದೇ ಹಾಗೆ. ಕೇಳುವವರ ಮುಖ ನೋಡಿಕೊಂಡು ಎಷ್ಟು ಹೇಳಬೇಕೋ ಅಷ್ಟು ತೂಗಿ ಹೇಳುತ್ತೇವೆ. ಆಕೆ ತೂಗಿ ಹೇಳಿದ್ದನ್ನು ನಾನು ಬೇರೆ ತಕ್ಕಡಿಗೆ ಸುರಿದಿದ್ದೆ.

ಹೆಸರು ತೆಗೆದರೆ ಮುಗಿಯಿತು ಎಂಬ ನಂಬಿಕೆ ನನ್ನೊಬ್ಬಳದಲ್ಲ, ಸಭೆಯ ವರದಿ ಬರೆಯುವ ಬಹಳ ಜನರದು. ಈ ಸಲ ಅದನ್ನು ಪರೀಕ್ಷೆ ಮಾಡಿಯೇ ನೋಡಿದೆ. ಯಾರಿಗೂ ನೋವಾಗದಂಥ ಮೂರು ಸಾಲುಗಳನ್ನು ಎಂಟು ವರ್ಷ ಹಳೆಯ ಸಂಚಿಕೆಯಿಂದ ಆರಿಸಿ ಕಾರ್ಯದರ್ಶಿ ಹುಡುಗನ ಮುಂದಿಟ್ಟೆ. ಅವನು ಬಡಾವಣೆಗೆ ಬಂದು ಎರಡೇ ವರ್ಷ. ಮೂರರಲ್ಲೂ ಹೆಸರಿರಲಿಲ್ಲ. ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಎರಡಕ್ಕೆ ಸರಿಯಾದ ಮನೆ ನಂಬರ್ ಬರೆದಿಟ್ಟಿದ್ದ. "ಎರಡು ನಾಯಿ ಸಾಕಿರೋ ನಿವೃತ್ತ ಅಧಿಕಾರಿ ಅಂದ್ರೆ ಇನ್ಯಾರು ಆಂಟಿ?" ಎಂದ.

ಇದನ್ನೇ ದೊಡ್ಡ ಮಟ್ಟದಲ್ಲಿ ತೋರಿಸಿಕೊಟ್ಟವರು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಲಟಾನ್ಯಾ ಸ್ವೀನಿ. 1990ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದವರು ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು, ವಿಳಾಸ ತೆಗೆದು ಸಂಶೋಧಕರಿಗೆ ಕೊಟ್ಟಿದ್ದರು. ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರ್ ಕೊಟ್ಟು ಕೇಂಬ್ರಿಜ್ ನಗರದ ಮತದಾರರ ಪಟ್ಟಿ ಕೊಂಡು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಅದೇ ನಗರದಲ್ಲಿದ್ದ ಆ ರಾಜ್ಯದ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ತಾರೀಖಿನಲ್ಲೇ ಹುಟ್ಟಿದವರು ಆ ಪಟ್ಟಿಯಲ್ಲಿ 6 ಜನ, ಅದರಲ್ಲಿ ಗಂಡಸರು 3, ಅವರ ಪಿನ್‌ಕೋಡಿನವರು ಒಬ್ಬರೇ. ಗವರ್ನರರ ವೈದ್ಯಕೀಯ ದಾಖಲೆ ಕೈಗೆ ಸಿಕ್ಕಿತು. ಹುಟ್ಟಿದ ದಿನ, ಗಂಡೋ ಹೆಣ್ಣೋ, ಪಿನ್‌ಕೋಡು, ಈ ಮೂರೇ ಸಾಕು, ಅಮೆರಿಕದ 87 ಪರ್ಸೆಂಟ್ ಜನರನ್ನು ಒಬ್ಬೊಬ್ಬರಾಗಿ ಗುರುತಿಸಬಹುದು ಎಂದು ಅವರು ಆಮೇಲೆ ಲೆಕ್ಕ ಹಾಕಿ ತೋರಿಸಿದರು. ನಮ್ಮ 240 ಮನೆಗೆ ಅಷ್ಟೂ ಬೇಕಾಗಿಲ್ಲ. "ಪಾರ್ಕಿನ ಎದುರು" ಎಂಬ ಎರಡು ಪದ ಸಾಕಾಯಿತು.

ಲಂಡನ್ನಿನ ಚಾಥಮ್ ಹೌಸ್ ಎಂಬ ಸಂಸ್ಥೆ 1927ರಲ್ಲಿ ಒಂದು ನಿಯಮ ಮಾಡಿಕೊಂಡಿತು, ಇವತ್ತಿಗೂ ಅನೇಕ ಕಡೆ ಅದು ನಡೆಯುತ್ತದೆ. ಸಭೆಯಲ್ಲಿ ಕೇಳಿದ್ದನ್ನು ಹೊರಗೆ ಬಳಸಿಕೊಳ್ಳಬಹುದು, ಹೇಳಿದವರು ಯಾರು, ಯಾವ ಸಂಸ್ಥೆಯವರು, ಸಭೆಯಲ್ಲಿ ಇನ್ಯಾರಿದ್ದರು ಎಂಬುದು ಮಾತ್ರ ಹೊರಬೀಳಬಾರದು. ದೊಡ್ಡ ಊರಿನ ದೊಡ್ಡ ವಿಷಯಗಳಿಗೆ ಇದು ಚೆನ್ನಾಗಿ ಒದಗುತ್ತದೆ. ಕಷ್ಟದ ಕಥೆಗೆ ಒದಗುವುದಿಲ್ಲ. ಅಂಥ ಕಡೆ ಹೇಳಿದ ವಿಷಯವೇ ಹೇಳಿದವರ ಗುರುತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಒಂದು ತೊಡಕಿದೆ. ನಮ್ಮ ಕ್ರಿಯಾಪದವೇ ಗಂಡೋ ಹೆಣ್ಣೋ ಎಂದು ಹೇಳಿಬಿಡುತ್ತದೆ. "ಹೇಳಿದ" ಎಂದರೆ ಗಂಡಸು, "ಹೇಳಿದಳು" ಎಂದರೆ ಹೆಂಗಸು. "ಒಬ್ಬರು ಹೇಳಿದರು" ಎಂಬುದೊಂದೇ ಪರದೆ. ಮರ್ಯಾದೆಯ ಬಹುವಚನ ಮನುಷ್ಯರನ್ನು ಮುಚ್ಚಿ ಕಾಪಾಡುತ್ತದೆ ಎಂಬುದು ನನಗೆ ಹೊಳೆದದ್ದು ಈ ಹಳೆಯ ಸಂಚಿಕೆಗಳನ್ನು ಓದುವಾಗ. ಆದರೆ ಆ ಪರದೆ ಯಾರ್ಯಾರಿಗೆ ಸಿಕ್ಕಿತ್ತು ಎಂದು ನೋಡಿದರೆ ಮನಸ್ಸು ಕುಗ್ಗಿತು. ಅಧ್ಯಕ್ಷರು ಬಂದರು, ಇಂಜಿನಿಯರ್ ಬಂದರು ಎಂದು ಬರೆದ ಕೈಯೇ "ನೀರು ಬಿಡುವವನು ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ" ಎಂದು ಬರೆದಿತ್ತು. ಸಭೆಯಲ್ಲಿ ಜನ ಹಾಗೆಯೇ ಮಾತಾಡಿದ್ದರು, ನಾನು ಹಾಗೆಯೇ ಇಳಿಸಿದ್ದೆ. ಬಡಾವಣೆಗೆ ನೀರು ಬಿಡುವವರು ಒಬ್ಬರೇ. "ವನು" ಎಂದದ್ದರಿಂದ ಅವರ ಮರ್ಯಾದೆ ಹೋಯಿತು, ಗುರುತೂ ಬಯಲಾಯಿತು. ದೂರು ಇದ್ದದ್ದು ನೀರಿನ ಹೊತ್ತಿನ ಬಗ್ಗೆ. "ಮಂಗಳವಾರ, ಶುಕ್ರವಾರ ನೀರು ತಡವಾಗಿ ಬರುತ್ತಿದೆ ಎಂದು ಹಲವರು ಹೇಳಿದರು" ಎಂದು ಬರೆದಿದ್ದರೆ ವಿಷಯಕ್ಕೆ ಏನೂ ಕೊರತೆಯಾಗುತ್ತಿರಲಿಲ್ಲ.

ಮಾತಿನ ಧಾಟಿಯೂ ಹಾಗೆಯೇ. ಬಾಯಿಂದ ಬಂದ ಹಾಗೆ ಬರೆದರೆ ವರದಿಗೆ ಜೀವ ಬರುತ್ತದೆ ಎಂದು ನಾನು ತುಂಬಾ ದಿನ ನಂಬಿದ್ದೆ, ಈಗಲೂ ಆ ಆಸೆ ಹೋಗಿಲ್ಲ. ಆದರೆ ನಮ್ಮಲ್ಲಿ ಧಾರವಾಡ ಕಡೆಯ ಮನೆ ಇರುವುದೇ ಒಂದು. "ಏನ್ ಮಾಡೂದ್ರೀ" ಎಂದು ಅಚ್ಚಾದ ಮೇಲೆ ಹೆಸರು ಬಿಟ್ಟು ಏನು ಬಂತು?

ಶೈಲಿಯ ಪ್ರಶ್ನೆ, ಗುಟ್ಟಿನ ಪ್ರಶ್ನೆ ಬೇರೆ ಬೇರೆ ಎಂದು ತಿಳಿದಿದ್ದೆ, ಅಲ್ಲ. ಮಾತನ್ನು ವರದಿ ಮಾಡುವ ಕ್ರಿಯಾಪದಗಳನ್ನೇ ನೋಡಿ. ಒಬ್ಬರು ಲೆಕ್ಕದ ಬಗ್ಗೆ ಕೇಳಿದರು, ಖಜಾಂಚಿ ಉತ್ತರ ಕೊಟ್ಟರು. ಅದನ್ನೇ "ಪ್ರಶ್ನಿಸಿದರು, ಸಮಜಾಯಿಷಿ ನೀಡಿದರು" ಎಂದು ಬರೆದರೆ ಖಜಾಂಚಿಯ ಮೇಲೆ ಅನುಮಾನ ಬಿದ್ದೇಬಿಡುತ್ತದೆ. "ಒಪ್ಪಿದರು" ಎಂಬುದಕ್ಕೂ "ಒಪ್ಪಿಕೊಂಡರು" ಎಂಬುದಕ್ಕೂ ಎಷ್ಟು ದೂರ! ಎರಡನೆಯದರಲ್ಲಿ ತಪ್ಪೊಪ್ಪಿಗೆಯ ವಾಸನೆ ಇದೆ. "ಹಲುಬಿದರು", "ಅಲವತ್ತುಕೊಂಡರು", "ಹರಿಹಾಯ್ದರು", ಇವೆಲ್ಲ ನನ್ನ ಸಂಚಿಕೆಗಳಲ್ಲಿವೆ. ಪೇಪರಿನ ಹೆಡ್ಡಿಂಗ್ ಓದಿ ಓದಿ ಕೈಗೆ ಹತ್ತಿದ ಪದಗಳು. ಈಗ ನಾನು ಬಳಸುವುದು ಮೂರೇ: ಹೇಳಿದರು, ಕೇಳಿದರು, ಒಪ್ಪಲಿಲ್ಲ. ಓದಲು ಸಪ್ಪೆ ಎನ್ನುವವರಿದ್ದಾರೆ. ಇರಲಿ. ಒಬ್ಬರ ದನಿ ಎಷ್ಟು ಏರಿತ್ತು ಎಂಬುದು ಅವತ್ತು ಅಲ್ಲಿದ್ದವರ ಜೊತೆಗೇ ಮರೆಯಾಗಬೇಕು. ಸಿಟ್ಟಿನಲ್ಲಿ ಆಡಿದ್ದನ್ನು ಮರುದಿನ ಬೆಳಿಗ್ಗೆ ಹಾಲಿನಂಗಡಿಯ ಮುಂದೆ ನಕ್ಕು ಸರಿಮಾಡಿಕೊಳ್ಳುವ ಅವಕಾಶ ಎಲ್ಲರಿಗೂ ಬೇಕು.

ಚರ್ಚೆಯನ್ನು ಬರಹಕ್ಕೆ ತರುವವರ ಕೈ ಎಷ್ಟು ದೊಡ್ಡದು ಎಂಬುದನ್ನು ಕನ್ನಡದವರು ಹಿಂದೆಯೇ ಕಂಡಿದ್ದಾರೆ. ಹನ್ನೆರಡನೇ ಶತಮಾನದ ಶರಣರ ವಚನಗಳನ್ನು ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆ ರೂಪುಗೊಂಡದ್ದು ಶತಮಾನಗಳ ಬಳಿಕ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಜೋಡಿಸಿದರು, ಆಮೇಲೆ ಮೂವರು ಒಬ್ಬರಾದ ಮೇಲೊಬ್ಬರು ಮತ್ತೆ ಜೋಡಿಸಿದರು. ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆ ಆಯಿತೇ ಇಲ್ಲವೇ ಎಂಬಂಥ ದೊಡ್ಡ ಮಾತಿನಲ್ಲೂ ಮೊದಲನೆಯದಕ್ಕೂ ನಂತರದ ಹಲಗೆಯಾರ್ಯರದಕ್ಕೂ ವ್ಯತ್ಯಾಸವಿದೆ. ಸಂಪಾದಕ ಎಂಬ ಪದವನ್ನು ನನ್ನ ಹೆಸರಿನ ಮುಂದೆ ಅಚ್ಚು ಹಾಕಿಸುವಾಗಲೆಲ್ಲ ನನಗೆ ಅದು ನೆನಪಾಗುತ್ತದೆ.

ಹಾಗೆಂದು ಎಲ್ಲವನ್ನೂ ಮುಚ್ಚಿಬಿಟ್ಟರೆ ಅದೂ ಅನ್ಯಾಯ. ಆ ಘಟನೆಯ ನಂತರ ನಾನು ಹೆದರಿ, ಒಂದು ವರ್ಷದ ಮಟ್ಟಿಗೆ ಸರ್ಕಾರಿ ನಡಾವಳಿಯ ಧಾಟಿ ಹಿಡಿದಿದ್ದೆ. "ಸುದೀರ್ಘವಾಗಿ ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ಆ ವರ್ಷದ ಸಂಚಿಕೆಗಳಲ್ಲಿ ಮನುಷ್ಯರೇ ಇಲ್ಲ. ಸರ್ವಾನುಮತ ಎಂದು ಬರೆದ ಒಂದು ಸಭೆ ನನಗೆ ಚೆನ್ನಾಗಿ ನೆನಪಿದೆ. ಪಾರ್ಕಿಗೆ ಸಂಜೆ ಏಳಕ್ಕೆ ಬೀಗ ಹಾಕುವ ತೀರ್ಮಾನ ಅದು. ಅವತ್ತು ಐದು ಜನ ಬೇಡವೆಂದು ಕೈ ಎತ್ತಿದ್ದರು, ಕೆಲಸದಿಂದ ಬರುವುದೇ ಏಳೂವರೆಗೆ ಎಂಬುದು ಅವರ ಕಾರಣ. ಅವರನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವರ ಮಾತನ್ನೇ ಅಳಿಸಿದ್ದೆ. ಐದು ಜನ ಒಪ್ಪಲಿಲ್ಲ, ಕಾರಣ ಇದು ಎಂದು ಬರೆದಿದ್ದರೆ ಯಾರ ಗುರುತೂ ಹೋಗುತ್ತಿರಲಿಲ್ಲ, ಭಿನ್ನಾಭಿಪ್ರಾಯ ಉಳಿಯುತ್ತಿತ್ತು.

ಹೆಸರು ಇರಲೇಬೇಕಾದ ಕಡೆಗಳೂ ಉಂಟು. ಪದಾಧಿಕಾರಿಗಳು ಹುದ್ದೆಯಲ್ಲಿ ಕೂತು ಆಡಿದ ಮಾತಿಗೆ, ಮಾಡಿದ ಖರ್ಚಿಗೆ ಹೆಸರು ಹಾಕಿಯೇ ಹಾಕುತ್ತೇನೆ. ಬೋರ್‌ವೆಲ್ ಮೋಟಾರಿನ ಕೊಟೇಶನ್ ಬಗ್ಗೆ ತಾನು ಹೇಳಿದ್ದನ್ನು ಹೆಸರಿಲ್ಲದೆ ಹಾಕಿ ಎಂದು ಸಮಿತಿಯ ಸದಸ್ಯರೊಬ್ಬರು ಒತ್ತಾಯ ಮಾಡಿದ್ದರು. ಆಗಲ್ಲ ಎಂದೆ. ಎಲ್ಲರ ದುಡ್ಡಿನ ಮಾತು ಎಲ್ಲರಿಗೂ ಸೇರಿದ್ದು. 2005ರ ಉದ್ಯೋಗ ಖಾತರಿ ಕಾಯ್ದೆಯ 17ನೇ ಸೆಕ್ಷನ್ ಸಾಮಾಜಿಕ ಲೆಕ್ಕಪರಿಶೋಧನೆಯ ಹೊಣೆಯನ್ನು ಗ್ರಾಮಸಭೆಗೆ ಕೊಟ್ಟದ್ದೂ ಅದಕ್ಕೇ. ಕೂಲಿ ಪಟ್ಟಿಯ ಹೆಸರುಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಿದಾಗಲೇ "ಇವನು ಊರು ಬಿಟ್ಟು ಎರಡು ವರ್ಷ ಆಯ್ತಲ್ಲ" ಎಂದು ಯಾರಾದರೂ ಹೇಳುವುದು. ಅಲ್ಲಿ ಹೆಸರು ಓದುವುದರಿಂದ ಬಡವರ ಕೂಲಿ ಉಳಿಯುತ್ತದೆ. ನನ್ನ ಪತ್ರಿಕೆಯಲ್ಲಿ ಹೆಸರಿಲ್ಲದ ಒಂದು ಸಾಲು ಒಬ್ಬ ತಾಯಿಯನ್ನು ರಾತ್ರಿ ಬಸ್ಸು ಹತ್ತಿಸಿತು.

ಸಭೆಯಲ್ಲಿ ಇಲ್ಲದವರ ಬಗ್ಗೆ ಆಡುವ ಮಾತು ಇನ್ನೂ ಕಷ್ಟದ್ದು. ಒಂದು ಸಲ ಒಂದು ಮನೆಯಲ್ಲಿ ಬಳೆ ಕಾಣೆಯಾಯಿತೆಂದು ಸಭೆಯಲ್ಲಿ ಅರ್ಧ ಗಂಟೆ ಮನೆಕೆಲಸದ ಹೆಂಗಸರ ಮಾತೇ ನಡೆಯಿತು. ಹೆಸರುಗಳು ಬಂದವು, ಯಾರು ಎಲ್ಲಿಂದ ಬರುತ್ತಾರೆ ಎಂಬುದೂ ಬಂತು. ಅವರಲ್ಲಿ ಒಬ್ಬರೂ ಉತ್ತರ ಕೊಡಲು ಅಲ್ಲಿರಲಿಲ್ಲ. ಆ ಚರ್ಚೆಯ ಒಂದು ಅಕ್ಷರವನ್ನೂ ನಾನು ಬರೆಯಲಿಲ್ಲ. ಯಾಕೆ ಬರೆದಿಲ್ಲ ಎಂದು ಕೇಳಿದವರಿಗೆ, ಅವರನ್ನೂ ಸಭೆಗೆ ಕರೆಸಿ, ಇಬ್ಬರ ಮಾತನ್ನೂ ಬರೆಯುತ್ತೇನೆ ಎಂದೆ. ಮುಂದಿನ ಸಭೆಗೆ ಆ ವಿಷಯ ಬರಲೇ ಇಲ್ಲ. ಬಳೆ ಸಿಕ್ಕಿತೆಂದು ಆಮೇಲೆ ಕೇಳಿದೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಷಯವಾಗಿ ಕೋರ್ಟಿಗೆ ಹೋದವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಮಾತಿದೆ: ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂದಕ್ಕೆ ತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಕಾನೂನು ದೊಡ್ಡ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿರಬಹುದು. ಆದರೆ ಈ ಮಾತು ನಾಲ್ಕು ಪುಟದ ಪತ್ರಿಕೆಗೂ ಸಲ್ಲುತ್ತದೆ ಎಂದು ನಾನು ನಂಬಿದ್ದೇನೆ.

ಅದಕ್ಕೇ ಈಗ ಸಭೆ ಶುರುವಾಗುವಾಗ ಎದ್ದು ನಿಂತು ಹೇಳುತ್ತೇನೆ, ಇವತ್ತು ಬರೆದುಕೊಳ್ಳುತ್ತಿರುವವಳು ನಾನು, ಬರೆದದ್ದು ಹೊರಗೂ ಹೋಗುತ್ತದೆ ಎಂದು. ಯಾರಾದರೂ "ಇದು ಬೇಡ" ಎಂದರೆ ಪೆನ್ನಿನ ಕ್ಯಾಪು ಹಾಕಿ, ಎಲ್ಲರಿಗೂ ಕಾಣುವಂತೆ ಪುಸ್ತಕದ ಮೇಲೆ ಇಡುತ್ತೇನೆ. ಆ ಕ್ಯಾಪಿನ ಟಕ್ ಎನ್ನುವ ಸದ್ದು ಕೇಳಿದ ಮೇಲೆ ಜನ ಬೇರೆಯೇ ರೀತಿ ಮಾತಾಡುತ್ತಾರೆ. ಸ್ವಂತ ವಿಷಯ ಹೇಳಿಕೊಂಡವರಿಗೆ ಬುಧವಾರ ರಾತ್ರಿ ಊಟದ ಹೊತ್ತು ಕಳೆದ ಮೇಲೆ ಫೋನ್ ಮಾಡಿ, ಬರೆದ ಸಾಲನ್ನು ಓದಿ ಹೇಳುತ್ತೇನೆ. ವಾಟ್ಸಾಪಿನಲ್ಲಿ ಕಳಿಸುವುದಿಲ್ಲ, ಓದಿಯೇ ಹೇಳುವುದು. ಕಳಿಸಿದರೆ "ಓಕೆ ಮೇಡಂ" ಎಂದು ಬರುತ್ತದೆ. ಓದಿದರೆ ಅವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯಲ್ಲೇ ಗೊತ್ತಾಗುತ್ತದೆ, ಯಾವ ಪದ ಚುಚ್ಚಿತು ಎಂದು. ಕೆಲವರು ಅಲ್ಲೇ ಹೊಸ ವಾಕ್ಯ ಹೇಳಿಕೊಡುತ್ತಾರೆ. ಎಷ್ಟೋ ಸಲ ಅದು ನನ್ನದಕ್ಕಿಂತ ಚೆನ್ನಾಗಿರುತ್ತದೆ.

ಅತ್ತೆಗೆ ಸುದ್ದಿ ಮುಟ್ಟಿಸಿದ ಆ ಸಾಲನ್ನು ಇವತ್ತು ಬರೆಯಬೇಕಾಗಿದ್ದರೆ ಹೇಗೆ ಬರೆಯುತ್ತಿದ್ದೆ ಎಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು ನೋಡಿದೆ. ಮೊದಲು "ಪಾರ್ಕಿನ ಎದುರಿನ" ಹೊಡೆದುಹಾಕಿದೆ. ಆಮೇಲೆ "ಚಿಕಿತ್ಸೆ" ಹೋಯಿತು. "ನಿವಾಸಿಯೊಬ್ಬರು" ಹೋಯಿತು, ಯಾಕೆಂದರೆ ಒಬ್ಬರು ಎಂದ ಕೂಡಲೇ ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಕೊನೆಗೆ ಉಳಿದದ್ದು: "ಕಾರಣಾಂತರದಿಂದ ನಿರ್ವಹಣಾ ಶುಲ್ಕ ಕಟ್ಟಲಾಗದವರು ಕಾರ್ಯದರ್ಶಿಗೆ ತಿಳಿಸಿದರೆ ಆರು ತಿಂಗಳ ಕಾಲಾವಕಾಶ ಸಿಗುತ್ತದೆ." ಸಭೆ ಮಾಡಿದ್ದ ತೀರ್ಮಾನ ಇದೇ ಅಲ್ಲವೇ? ಇದನ್ನು ಓದಿದ್ದರೆ ಅಂಥದ್ದೇ ಕಷ್ಟದಲ್ಲಿದ್ದ ಇನ್ನೊಂದು ಮನೆಯವರಿಗೂ ಧೈರ್ಯ ಬರುತ್ತಿತ್ತು. ನಾನು ಬರೆದದ್ದರಲ್ಲಿ ಅವರಿಗೆ ಸಿಕ್ಕಿದ್ದು, ಕೇಳಿದರೆ ಪತ್ರಿಕೆಯಲ್ಲಿ ಬರುತ್ತದೆ ಎಂಬ ಭಯ.

ಹಳೆಯ ಸಂಚಿಕೆಗಳ ಬಗ್ಗೆ ಕಾರ್ಯದರ್ಶಿಗೂ ನನಗೂ ಒಂದು ಒಪ್ಪಂದವಾಗಿದೆ. ಕಾಗದವಾಗಿದ್ದಾಗ ಅವು ಹಳೆಯ ಪೇಪರಿನವರ ತಕ್ಕಡಿಗೆ ಹೋಗಿ ಮರೆಯಾಗುತ್ತಿದ್ದವು. ಹುಡುಕಿದರೆ ಸಿಗುವಂತಾದರೆ ಮರೆಯಾಗುವುದೇ ಇಲ್ಲ. ಲೆಕ್ಕಪತ್ರ, ತೀರ್ಮಾನ, ಪಾಲಿಕೆಗೆ ಬರೆದ ಪತ್ರ, ಹಬ್ಬದ ಸುದ್ದಿ ಇವೆಲ್ಲ ಹೋಗಲಿ. ಯಾರಾದರೂ ಸ್ವಂತ ಬದುಕಿನ ವಿಷಯ ಹೇಳಿಕೊಂಡ ಪುಟವಿದ್ದರೆ, ಅವರನ್ನು ಕೇಳದೆ ಹೋಗುವುದಿಲ್ಲ. ಕೇಳಲು ಸಿಗದವರ ಪುಟ ಕಟ್ಟಿನಲ್ಲೇ ಇರುತ್ತದೆ. ಅಂಥವು 40ಕ್ಕೂ ಹೆಚ್ಚು ಪುಟ. ಒಂದೊಂದೇ ಮನೆಗೆ ಹೋಗಿ ಬರುತ್ತಿದ್ದೇನೆ.

ಆಕೆಯ ಮನೆಗೆ ಹೋದದ್ದು ಕಳೆದ ವಾರ. ಯಜಮಾನರು ತೀರಿಕೊಂಡು ನಾಲ್ಕು ವರ್ಷವಾಯಿತು. ಆ ಸಾಲಿದ್ದ ಪುಟ ತೋರಿಸಿ, ಇದನ್ನು ಹಾಕುವುದಿಲ್ಲ ಎಂದೆ. ಅವರು ತಲೆ ಆಡಿಸಿದರು. ಆಮೇಲೆ ಕಟ್ಟಿನಲ್ಲಿದ್ದ ಬೇರೆ ಸಂಚಿಕೆಗಳನ್ನು ತಿರುವಿ ಹಾಕುತ್ತಾ ಒಂದರಲ್ಲಿ ನಿಂತರು. ನಾನು ಹೆದರಿ ಬರೆಯುತ್ತಿದ್ದ ವರ್ಷದ್ದು ಅದು. ಎರಡನೇ ಪುಟದ ಕೆಳಗೆ ಒಂದು ಸಾಲಿತ್ತು: "ನಿವಾಸಿಯೊಬ್ಬರು ಸ್ವಂತ ಖರ್ಚಿನಲ್ಲಿ ಪಾರ್ಕಿನ ಬೇಲಿಗುಂಟ 12 ಹೊಂಗೆ ಸಸಿ ನೆಟ್ಟಿದ್ದಾರೆ."

"ಇದು ನಮ್ಮೋರು ಅಲ್ವಾ ಅಕ್ಕ? ಹೆಸರ್ಯಾಕೆ ಹಾಕ್ಲಿಲ್ಲ?" ಎಂದರು.

ಅವತ್ತು ನಾನು ಅವರನ್ನು ಕೇಳಿರಲಿಲ್ಲ. ಬೇಡವೆನ್ನುತ್ತಾರೆ ಎಂದು ನಾನೇ ತೀರ್ಮಾನ ಮಾಡಿದ್ದೆ.

ಚೀಲದಿಂದ ಪೆನ್ನು ತೆಗೆದೆ. "ನಿವಾಸಿಯೊಬ್ಬರು" ಎಂಬುದನ್ನು ಒಂದು ಗೆರೆ ಎಳೆದು ಹೊಡೆದೆ. ಪಕ್ಕದ ಖಾಲಿ ಜಾಗದಲ್ಲಿ ಹೆಸರು ಬರೆಯುತ್ತಿದ್ದಾಗ ಆಕೆ ಬಗ್ಗಿ ನೋಡಿದರು. "ಇನಿಷಿಯಲ್ ಎರಡಿದೆ ಅಕ್ಕ. ಊರಿಂದು ಮೊದಲು, ಅವರಪ್ಪಂದು ಆಮೇಲೆ" ಎಂದರು. ಹಾಗೆಯೇ ಬರೆದೆ.